ಕೈ ನಿಂತಲ್ಲೆಲ್ಲ ಒಂದು ಚುಕ್ಕೆ

ಮಾನ್ಯ ಅಧ್ಯಕ್ಷರೇ, ಪುಸ್ತಕವನ್ನು ಬಿಡುಗಡೆ ಮಾಡಿಕೊಟ್ಟ ಪ್ರಾಂಶುಪಾಲರೇ, ಪ್ರಕಾಶಕರೇ, ಈಗಷ್ಟೇ ಮಾತು ಮುಗಿಸಿ ಕೂತಿರುವ ಅನುವಾದಕಿಯವರೇ, ಈ ಗ್ರಂಥಾಲಯದ ಸಿಬ್ಬಂದಿಯವರೇ, ಮುಂದಿನ ಎರಡು ಸಾಲನ್ನು ಎಂದಿನಂತೆ ಖಾಲಿ ಬಿಟ್ಟು ಹಿಂದೆ ಹೋಗಿ ಕೂತಿರುವ ಸಭಿಕರೇ,

ನನಗೆ ಭಾಷಣ ಮಾಡಿ ಅಭ್ಯಾಸವಿಲ್ಲ. ಹೀಗೆಂದು ಶುರುಮಾಡಿದವರೇ ಮುಕ್ಕಾಲು ಗಂಟೆ ಮೈಕು ಬಿಡದಿರುವುದನ್ನು ನಾನೂ ನೋಡಿದ್ದೇನೆ, ನೀವೂ ನೋಡಿದ್ದೀರಿ. ಹೆದರಬೇಡಿ. ಬರೆದುಕೊಂಡು ಬಂದ ಎರಡು ಹಾಳೆ ಜೇಬಿನಲ್ಲಿದೆ. ಆದರೆ ಅದನ್ನು ಓದಬೇಕೋ ಬೇಡವೋ ಎನ್ನುವುದು ಈಗ ಹತ್ತು ನಿಮಿಷದಿಂದ ನನಗೆ ಗೊತ್ತಾಗುತ್ತಿಲ್ಲ. ಯಾಕೆಂದು ಆಮೇಲೆ ಹೇಳುತ್ತೇನೆ.

ಮೊದಲು ನಾನು ಯಾರೆಂದು ಹೇಳಬೇಕು. ಆಹ್ವಾನ ಪತ್ರಿಕೆಯಲ್ಲಿ ನನ್ನ ಮಾತಿನ ಮುಂದೆ ‘ಓದುಗರೊಬ್ಬರ ಅಭಿಪ್ರಾಯ’ ಎಂದಷ್ಟೇ ಇದೆ. ಅಷ್ಟೇ ನಿಜ ಕೂಡ. ನಾನು ಹಲ್ಲಿನ ಸೆಟ್ ತಯಾರಿಸುವವನು. ವೈದ್ಯನಲ್ಲ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ನನ್ನ ಕೋಣೆಯಲ್ಲಿ ಕೂತು ಮೇಣದಲ್ಲಿ ವಸಡು ಕೂರಿಸಿ ಅದರಲ್ಲಿ ಹಲ್ಲು ಜೋಡಿಸುತ್ತೇನೆ. ಈ ಸಭೆಯಲ್ಲಿ ಈಗ ನಕ್ಕವರಲ್ಲಿ ಕೆಲವರ ನಗು ನನ್ನ ಮೇಜಿನ ಮೇಲೆ ತಯಾರಾದದ್ದು. ಯಾರೆಂದು ಹೇಳುವುದಿಲ್ಲ, ಧೈರ್ಯವಾಗಿ ನಗಬಹುದು.

ನನಗೆ ಕನ್ನಡವಲ್ಲದೆ ಇನ್ನೊಂದು ಭಾಷೆ ಬರುವುದಿಲ್ಲ. ಆದರೆ ನಾನು ಓದುವುದೆಲ್ಲ ಬೇರೆ ಭಾಷೆಯ ಕಥೆ ಕಾದಂಬರಿಗಳನ್ನು. ಇದು ಹೇಗೆ ಎಂದು ಕೇಳುವಿರಾ? ಅನುವಾದಕರು ಇದ್ದಾರಲ್ಲ. ಹಿಮ ಬೀಳುವುದನ್ನು ನಾನು ಕನ್ನಡದಲ್ಲೇ ನೋಡಿದ್ದೇನೆ. ಯುದ್ಧಕ್ಕೆ ಹೋದವರು, ಗಡೀಪಾರಾದವರು, ಹಡಗಿನ ತಳದಲ್ಲಿ ಕೂತು ಸಮುದ್ರ ದಾಟಿದವರು, ಎಲ್ಲರೂ ನನ್ನ ಹತ್ತಿರ ಕನ್ನಡದಲ್ಲೇ ಮಾತಾಡಿದ್ದಾರೆ. ಅನುವಾದಕರು ಕೈ ಬಿಟ್ಟರೆ ನನ್ನ ಪಾಲಿಗೆ ಲೋಕ ನಮ್ಮ ಬೀದಿಯ ಕೊನೆಗೇ ಮುಗಿಯುತ್ತದೆ.

ಇನ್ನೊಂದು ವಿಷಯವನ್ನೂ ಮೊದಲೇ ಹೇಳಿಬಿಡಬೇಕು, ಅಭಿಪ್ರಾಯ ಹೇಳುವವನಿಗೆ ಅದು ಮರ್ಯಾದೆ. ಅನುವಾದಕಿಯವರು ನನ್ನ ಅಕ್ಕ. ನಾವಿಬ್ಬರೂ ಒಂದೇ ಮನೆಯಲ್ಲಿದ್ದೇವೆ. ಇಬ್ಬರೂ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳುತ್ತಿದ್ದವರು ಈಗ ಯಾರೂ ಉಳಿದಿಲ್ಲ. ಅವರು ಹಡಗು ಕಂಪನಿಯ ಕಚೇರಿಯಲ್ಲಿ ಪತ್ರ ವ್ಯವಹಾರ ನೋಡುತ್ತಾ ಭಾಷೆ ಕಲಿತವರು, ನಾನು ಅದೇ ಮನೆಯ ಹಿಂದಿನ ಕೋಣೆಯಲ್ಲಿ ಮೇಣದ ವಾಸನೆಯಲ್ಲಿ ಬೆಳೆದವನು. ಅಕ್ಕನ ಪುಸ್ತಕವನ್ನು ತಮ್ಮ ಹೊಗಳುತ್ತಾನೆ ಎಂದು ನೀವು ಭಾವಿಸಿದ್ದರೆ ಸ್ವಲ್ಪ ತಾಳಿ.

ಈಗ ಪುಸ್ತಕಕ್ಕೆ ಬರುತ್ತೇನೆ. ಇದು ಹದಿಹರೆಯದವರಿಗಾಗಿ ಬರೆದ ಫ್ಯಾಂಟಸಿ ಕಾದಂಬರಿ, ಮೂರು ಭಾಗಗಳಲ್ಲಿ ಮೊದಲನೆಯದು. ಓದದವರಿಗಾಗಿ ಕಥೆ ಹೇಳುತ್ತೇನೆ. ಒಂದು ರಾಜ್ಯ, ಅದರ ಉತ್ತರದ ಗಡಿಯಲ್ಲಿ ಬೆಂಕಿಯ ಗೋಡೆ, ಗೋಡೆಯಾಚೆ ದೈತ್ಯರು. ಆ ಬೆಂಕಿ ಆರದಂತೆ ನೋಡಿಕೊಳ್ಳಲು ಸೌದೆ ಸಾಲದು, ಜನರ ನೆನಪು ಬೇಕು. ಆದ್ದರಿಂದ ಅಲ್ಲಿ ಹದಿನಾರು ತುಂಬಿದ ಪ್ರತಿಯೊಬ್ಬರೂ ಗೋಪುರಕ್ಕೆ ಹೋಗಿ ತಮ್ಮದೊಂದು ನೆನಪನ್ನು ಕೊಟ್ಟು ಬರಬೇಕು. ಜನ ಜಾಣರು. ಪೆಟ್ಟು ತಿಂದ ದಿನವನ್ನೋ, ಹಲ್ಲುನೋವು ಬಂದ ರಾತ್ರಿಯನ್ನೋ ಕೊಟ್ಟು ಬರುತ್ತಾರೆ. ಹಲ್ಲುನೋವು ಎಂದು ಪುಸ್ತಕದಲ್ಲೇ ಇದೆ, ನಾನು ಸೇರಿಸಿದ್ದಲ್ಲ. ಇಂಥ ನೆನಪು ತಿಂದು ತಿಂದು ಬೆಂಕಿ ಕುಗ್ಗುತ್ತಿದೆ. ಉಪ್ಪು ಹೊರುವವನ ಮಗಳೊಬ್ಬಳು ಗೋಪುರಕ್ಕೆ ಹೋದವಳು, ತನಗೆ ಎಲ್ಲಕ್ಕಿಂತ ಪ್ರಿಯವಾದದ್ದನ್ನು ಕೊಟ್ಟುಬಿಡುತ್ತಾಳೆ. ತನ್ನ ತಮ್ಮನ ನೆನಪನ್ನು.

ಗೋಡೆ ಮುಗಿಲೆತ್ತರ ಉರಿಯುತ್ತದೆ. ರಾಣಿ ಆ ಹುಡುಗಿಯನ್ನು ಕರೆಸಿಕೊಂಡು ಸೈನ್ಯದ ಜೊತೆ ಕಳಿಸುತ್ತಾಳೆ. ತಮ್ಮ ಅದೇ ಸೈನ್ಯದಲ್ಲಿ ಕುದುರೆ ನೋಡಿಕೊಳ್ಳುವ ಕೆಲಸಕ್ಕೆ ಸೇರಿ ಹಿಂದೆಯೇ ಹೋಗುತ್ತಾನೆ. ಅವಳಿಗೆ ಅವನು ಯಾರೆಂದು ಗೊತ್ತಿಲ್ಲ. ಅವನು ಹೇಳುವ ಹಾಗಿಲ್ಲ. ಹೇಳಿದರೆ ಬೆಂಕಿ ಆರುತ್ತದೆ. ಮೊದಲ ಭಾಗದ ಕೊನೆಯ ಪುಟದಲ್ಲಿ, ಜೀನು ಸಡಿಲವಾಗಿದೆಯೆಂದು ಅವನನ್ನು ಬೈದು, ಅವಳು ಕೇಳುತ್ತಾಳೆ: “ನಿನ್ನ ಎಲ್ಲೋ ನೋಡಿದ ಹಾಗಿದೆ. ಯಾರ ಕಡೆಯವನು ನೀನು?” ಅವನು, “ಕುದುರೆಗಳ ಕಡೆಯವನು” ಎಂದು ಬಗ್ಗಿ ಜೀನಿನ ಪಟ್ಟಿ ಬಿಗಿಯುತ್ತಾನೆ. ಪುಸ್ತಕ ಮುಗಿಯುತ್ತದೆ.

ಕಾದಂಬರಿ ಹೇಗಿದೆ? ದೋಷಗಳಿವೆ. ಯುದ್ಧದ ಅಧ್ಯಾಯ ಯುದ್ಧಕ್ಕಿಂತ ಉದ್ದವಾಗಿದೆ. ಒಬ್ಬ ದಳಪತಿ ಇದ್ದಾನೆ, ಅವನ ಕಣ್ಣು ಹಸಿರು. ಒಂದು ಸಲ ಹೇಳಿದ್ದರೆ ನಾನು ನೆನಪಿಟ್ಟುಕೊಳ್ಳುತ್ತಿದ್ದೆ. ಲೇಖಕರಿಗೆ ನನ್ನ ಮೇಲೆ ನಂಬಿಕೆ ಸಾಲದು, ಅವನು ಬಾಗಿಲು ತೆಗೆದಾಗಲೆಲ್ಲ ಹೇಳುತ್ತಾರೆ. ಊರುಗಳ ಹೆಸರು ನನ್ನ ನಾಲಿಗೆಗೆ ಒಗ್ಗಲಿಲ್ಲ. ಮೊದಲಲ್ಲಿ ನಕ್ಷೆಯೊಂದಿದೆ, ಅದರಲ್ಲಿ ಬೆಟ್ಟಗಳೆಲ್ಲ ನನ್ನ ಕಣ್ಣಿಗೆ ದವಡೆ ಹಲ್ಲುಗಳ ಹಾಗೆ ಕಂಡವು, ಅದು ಪುಸ್ತಕದ ತಪ್ಪಲ್ಲ. ಇಷ್ಟಿದ್ದೂ, ಅಕ್ಕನ ಹಿಂದೆ ಅಪರಿಚಿತನಾಗಿ ನಡೆಯುವ ಆ ತಮ್ಮನಿಗಾಗಿ ನಾನು ಈ ಪುಸ್ತಕವನ್ನು ಎರಡು ಸಲ ಓದಿದೆ. ಇದು ಮಕ್ಕಳ ಪುಸ್ತಕ, ದೊಡ್ಡವರಿಗಲ್ಲ ಎನ್ನುವವರಿದ್ದಾರೆ. ಅವರಿಗೆ ಅಕ್ಕಂದಿರಿಲ್ಲವೇನೋ.

ಇನ್ನು ಕನ್ನಡ. ಜೇಬಿನ ಹಾಳೆಯಲ್ಲಿ ನಾನು ಬರೆದಿದ್ದು ಹೀಗಿತ್ತು: ‘ಅನುವಾದವು ಶುದ್ಧವಾಗಿದೆ, ಆದರೆ ಬಿಗಿಯಾಗಿದೆ. ಅನುವಾದಕಿಯವರ ಹಿಂದಿನ ಪುಸ್ತಕಗಳಲ್ಲಿದ್ದ ಸಲೀಸು ಇಲ್ಲಿ ಕಡಿಮೆ.’ ಇಷ್ಟು ಹೇಳಿ, ಪ್ರಕಾಶಕರನ್ನು ಅಭಿನಂದಿಸಿ, ಕೂತುಬಿಡುವುದೆಂದಿದ್ದೆ. ಆದರೆ ನನಗಿಂತ ಮೊದಲು ಅನುವಾದಕಿಯವರು ಮಾತಾಡಿದರು. ಅವರು ಹೇಳಿದ್ದನ್ನು ನೀವು ಕೇಳಿದಿರಿ. “ಈ ಪುಸ್ತಕದ ಕನ್ನಡದ ಬಗ್ಗೆ ನನಗೆ ಭ್ರಮೆ ಇಲ್ಲ. ನನ್ನ ಮೊದಲ ಓದುಗರಿಗೆ ಇದರಲ್ಲಿ ಒಂದು ಪುಟವೂ ಹಿಡಿಸಲಿಲ್ಲ. ಇಂಥದ್ದು ನನ್ನ ಕೈಗೆ ಬಗ್ಗುವುದಿಲ್ಲ ಎಂದು ನನಗೆ ಆಗಲೇ ತಿಳಿಯಿತು. ಮುಂದಿನ ಭಾಗಗಳನ್ನು ಮತ್ತೊಬ್ಬರು ಮಾಡುತ್ತಿದ್ದಾರೆ, ಚೆನ್ನಾಗಿ ಮಾಡುತ್ತಾರೆ” ಎಂದರು. ನೀವು ವಿನಯವೆಂದು ತಿಳಿದು ಚಪ್ಪಾಳೆ ತಟ್ಟಿದಿರಿ.

ಆ ಮೊದಲ ಓದುಗ ನಾನು.

ಸಭಿಕರೇ, ನಾನು ಹಾಗೆ ಹೇಳಲಿಲ್ಲ. ಒಂದು ಪುಟವೂ ಹಿಡಿಸಲಿಲ್ಲವೆಂದು ನಾನು ಯಾವತ್ತೂ ಹೇಳಲಿಲ್ಲ. ಹೇಳದೆ ಇದ್ದದ್ದು ಅವರಿಗೆ ಹೇಗೆ ಕೇಳಿಸಿತು? ಅಲ್ಲಿ ಆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಇದನ್ನೇ ಯೋಚಿಸುತ್ತಿದ್ದೆ. ಈಗ ಇಲ್ಲಿಗೆ ನಡೆದು ಬರುವಷ್ಟರಲ್ಲಿ ಗೊತ್ತಾಯಿತು.

ನನ್ನದು ಮಾತು ಕಡಿಮೆ. ಚಿಕ್ಕಂದಿನಲ್ಲಂತೂ ಮಾತು ಬಂದದ್ದೇ ತಡ. ಬೀದಿಯವರು ನನ್ನನ್ನು ಗುಮ್ಮನಗುಸುಕ ಎನ್ನುತ್ತಿದ್ದರು, ಅಕ್ಕ ಅದನ್ನು ಮೊಟಕು ಮಾಡಿ ಗುಮ್ಮ ಮಾಡಿದರು. ನಾನು ಮೂಲೆಯಲ್ಲಿ ನಿಂತರೆ, “ಅಮ್ಮ, ಗುಮ್ಮಂಗೆ ಹಸಿವಂತೆ” ಎನ್ನುತ್ತಿದ್ದರು. ಹಸಿವೇ ಆಗಿರುತ್ತಿತ್ತು. “ಗುಮ್ಮಂಗೆ ಆ ಮೇಷ್ಟ್ರು ಕಂಡ್ರೆ ಭಯವಂತೆ, ನಾಳೆ ಕಳಿಸಬೇಡ.” ಭಯವೇ. ನಮ್ಮ ಅಪ್ಪ ನಗುತ್ತಿದ್ದರು, “ಇವನ ಬಾಯಿ ಅವಳ ಹತ್ರ ಇದೆ, ಇವನಿಗೆ ಬರೀ ಹಲ್ಲು” ಎಂದು. ಅನುವಾದಕಿಯವರ ಪ್ರಕಟಿತ ಕೃತಿಗಳ ಪಟ್ಟಿಯನ್ನು ನಿರೂಪಕರು ಓದಿದರು. ಅದರಲ್ಲಿ ಮೊದಲನೆಯದು ಬಿಟ್ಟುಹೋಗಿದೆ. ಅವರು ಮೊದಲು ಅನುವಾದ ಮಾಡಿದ್ದು ನನ್ನನ್ನು.

ಅವರು ಪುಸ್ತಕ ಮಾಡಲು ಶುರುಮಾಡಿದ ಮೇಲೆ ಸಂಜೆ ನನ್ನ ಕೋಣೆಗೆ ಬಂದು ಕರಡು ಓದುತ್ತಿದ್ದರು. ನಾನು ಸ್ಪಿರಿಟ್ ದೀಪದ ಮೇಲೆ ಚಾಕು ಬಿಸಿಮಾಡಿ ಮೇಣ ಕೆತ್ತುತ್ತಾ ಕೇಳುತ್ತಿದ್ದೆ. “ಹೇಗಿದೆಯೋ?” ಎಂದರೆ, “ಪರವಾಗಿಲ್ಲ” ಎನ್ನುತ್ತಿದ್ದೆ. ಚೆನ್ನಾಗಿದ್ದರೂ ಪರವಾಗಿಲ್ಲ, ಕೆಟ್ಟದಾಗಿದ್ದರೂ ಪರವಾಗಿಲ್ಲ. ಕೆಲವು ದಿನ ನೋಡಿ ಅಕ್ಕ ಹೇಳಿದರು, “ನಿನ್ನ ಬಾಯಿ ಕಟ್ಕೊಂಡು ನನಗೇನೂ ಆಗಬೇಕಿಲ್ಲ ಬಿಡು. ನಿನ್ನ ಕೈ ಹೇಳತ್ತೆ.”

ಕೈ ಹೇಳುತ್ತಿತ್ತಂತೆ. ವಾಕ್ಯ ಸರಿಯಾಗಿದ್ದರೆ ನನ್ನ ಚಾಕು ಆಡುತ್ತಲೇ ಇರುತ್ತಿತ್ತಂತೆ, ಎಡವಟ್ಟಾದಲ್ಲಿ ನಿಲ್ಲುತ್ತಿತ್ತಂತೆ. ನನಗೆ ಅದರ ಅರಿವೇ ಇರಲಿಲ್ಲ. ಕೈ ನಿಂತಲ್ಲೆಲ್ಲ ಅವರು ಪೆನ್ಸಿಲಿನಿಂದ ಅಂಚಿನಲ್ಲಿ ಒಂದು ಚುಕ್ಕೆ ಇಡುತ್ತಿದ್ದರು. ಒಂದು ಕಾದಂಬರಿಯಲ್ಲಿ, ಹೆಂಡತಿ ಎಲ್ಲಿ ಹೋದಳು ಎಂದು ಕೇಳಿದರೆ ಮುದುಕನೊಬ್ಬ ‘ಭುಜ ಕುಣಿಸಿದನು’ ಎಂದಿತ್ತು. ನನ್ನ ಕೈ ನಿಂತಿತಂತೆ. ದುಃಖದಲ್ಲಿರುವ ಮುದುಕ ಯಾಕೆ ಕುಣಿಯುತ್ತಾನೆ? ಮರುದಿನ ಅದು, ‘ಯಾರಿಗೆ ಗೊತ್ತು ಎನ್ನುವ ಹಾಗೆ ಮುಖ ಮಾಡಿದನು’ ಎಂದಾಯಿತು. ಚಾಕು ಆಡಿತು. ನಾವು ಅದರ ಬಗ್ಗೆ ಮಾತಾಡಿದ್ದೇ ಇಲ್ಲ. ಅವರ ಪುಸ್ತಕಗಳನ್ನು ಓದಿ ನೀವು ‘ಕನ್ನಡದ್ದೇ ಅನ್ನಿಸುತ್ತದೆ’ ಎಂದು ಹೊಗಳಿದ್ದೀರಿ, ಪ್ರಶಸ್ತಿ ಕೊಟ್ಟಿದ್ದೀರಿ. ಅದರಲ್ಲಿ ನನ್ನ ಪಾಲೆಂದು ಹೇಳಿಕೊಳ್ಳುವುದಕ್ಕೆ ಏನೂ ಇಲ್ಲ. ನಾನು ನನ್ನ ಕೆಲಸ ಮಾಡುತ್ತಾ ಕೂತಿದ್ದೆ ಅಷ್ಟೆ.

ಆಮೇಲೆ ಈ ಪುಸ್ತಕ ಬಂತು. ಪ್ರಕಾಶಕರು ತಂದುಕೊಟ್ಟ ದಿನ ಅಕ್ಕ ಅದನ್ನು ನನ್ನ ಮೇಜಿನ ತುದಿಯಲ್ಲಿಟ್ಟು, “ಈ ವಯಸ್ಸಲ್ಲಿ ರಾಕ್ಷಸರ ಕಥೆ ಮಾಡಕ್ಕೆ ಹೊರಟಿದೀನಿ ಕಣೋ, ನಗಬೇಡ” ಎಂದರು.

“ನಾನೆಲ್ಲಿ ನಕ್ಕೆ?”

“ನಕ್ಕಿದ್ರೆ ಒಳ್ಳೇದಿತ್ತು. ನಿನ್ನ ಮುಖ ನೋಡಿದ್ರೆ ನಕ್ಕಿದಾನೋ ಹಲ್ಲು ಎಣಿಸ್ತಿದಾನೋ ಗೊತ್ತಾಗಲ್ಲ.”

ಮೊದಲ ಅಧ್ಯಾಯಗಳನ್ನು ಅವರು ಓದಿದ ಸಂಜೆ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹುಡುಗಿ ಗೋಪುರದ ಮೆಟ್ಟಿಲು ಹತ್ತುವುದು, ತಮ್ಮ ಬಾಗಿಲ ತನಕ ಜೊತೆಯಲ್ಲಿ ಬರುವುದು, ಒಳಗೆ ಅವಳು ನೆನಪು ಕೊಡುವುದು. ಹೊರಗೆ ಬಂದು ಅವಳು ಕಾವಲಿನವನನ್ನು ಕೇಳುತ್ತಾಳೆ. ಅಕ್ಕ ಓದಿದ್ದು ಹೀಗೆ: “ಬಾಗಿಲ ಹತ್ರ ಯಾರೋ ಹುಡುಗ ಅಳ್ತಾ ಇದಾನಲ್ಲ, ಅವನ ಮನೆಯೋರು ಯಾರೂ ಬಂದಿಲ್ವಾ?”

ನನ್ನ ಚಾಕಿನ ಮೇಲಿನ ಮೇಣ ಆರಿಹೋಯಿತು. ಮತ್ತೆ ಬಿಸಿಮಾಡಿದೆ, ಮತ್ತೆ ಆರಿತು. ಚಾಕು ಕೈಯಲ್ಲಿ ಹಿಡಿದವನು ಹಿಡಿದ ಹಾಗೇ ಇದ್ದೆನೆಂದು ಕಾಣುತ್ತದೆ. ಮಾರನೆಯ ದಿನ ದಂತವೈದ್ಯರು ಫೋನ್ ಮಾಡಿದರು, “ಏನ್ರೀ ಇದು, ಮುಂದಿನ ಹಲ್ಲು ಆಕಾಶ ನೋಡ್ತಿದೆ. ನಿಮ್ಮ ಕೈಯಲ್ಲಿ ಇಂಥದ್ದು ನಾನು ನೋಡೇ ಇಲ್ಲ” ಎಂದು ಸೆಟ್ ವಾಪಸು ಕಳಿಸಿದರು. ಆ ಸೆಟ್ಟಿನ ಯಜಮಾನರು ಈ ಸಭೆಯಲ್ಲಿದ್ದಾರೆ. ಮತ್ತೆ ಮಾಡಿಕೊಟ್ಟಿದ್ದೇನೆ, ಈಗ ಸರಿಯಾಗಿದೆ ಎಂದು ಇಲ್ಲಿಂದಲೇ ಕಾಣುತ್ತಿದೆ.

ಆ ಸಂಜೆ ನಾನು ಕಥೆ ಕೇಳುತ್ತಿದ್ದೆ. ಅಕ್ಕ ಚುಕ್ಕೆ ಇಡುತ್ತಿದ್ದರು.

ಅರ್ಥವಾಯಿತೇ, ಸಭಿಕರೇ? ಕೈ ನಿಂತಿತು, ಚುಕ್ಕೆ. ಮತ್ತೆ ನಿಂತಿತು, ಮತ್ತೆ ಚುಕ್ಕೆ. ಪುಟದ ತುಂಬ ಚುಕ್ಕೆ ಬಿದ್ದಿರಬೇಕು. ನನಗಾಗಿ ಓದಿದ ಅಷ್ಟು ಪುಸ್ತಕಗಳಲ್ಲಿ ಕೈ ನಿಂತದ್ದು ವಾಕ್ಯ ಕೆಟ್ಟಾಗ ಮಾತ್ರ. ಈ ಪುಸ್ತಕದಲ್ಲಿ ಕೈ ನಿಂತದ್ದು ಬೇರೆ ಕಾರಣಕ್ಕೆ, ಆದರೆ ಅದನ್ನು ಅವರಿಗೆ ಯಾರು ಹೇಳಬೇಕು? ಕೈಗೆ ಒಂದೇ ಮಾತು ಗೊತ್ತಿತ್ತು. ಬಾಲ್ಯದಿಂದ ನನ್ನ ಮೌನವನ್ನು ತಪ್ಪಿಲ್ಲದೆ ಓದಿಕೊಂಡು ಬಂದವರು ಒಂದು ಸಂಜೆ ತಪ್ಪಿದರು, ಅಷ್ಟೆ. ಹಾಳೆ ಮಡಿಸಿಕೊಂಡು, “ಇವತ್ತಿಗೆ ಸಾಕು” ಎಂದು ಎದ್ದರು. ಮರುದಿನ ಗಂಟಲು ಕಟ್ಟಿದೆ ಎಂದರು. ಆಮೇಲೆ ಇದೇ ಗ್ರಂಥಾಲಯದ ಓದುವ ಕೋಣೆಯಲ್ಲಿ ಕೂತು ಬರೆಯುವುದಕ್ಕೆ ಶುರುಮಾಡಿದರು, ಮನೆಯಲ್ಲಿ ಬೆಳಕು ಸಾಲದು ಎಂದು. ಮನೆಯಲ್ಲಿ ಬೆಳಕಿಗೆ ಏನೂ ಆಗಿರಲಿಲ್ಲ.

ನಾನು ಏನು ತಿಳಿದುಕೊಂಡೆ? ಇದು ಹುಡುಗರ ಪುಸ್ತಕ, ಇದನ್ನು ಕೇಳುವುದಕ್ಕೆ ಹುಡುಗರೇ ಬೇಕು, ನನ್ನಂಥ ಮುದುಕನಿಗೆ ಓದಿ ಏನು ಪ್ರಯೋಜನ ಎಂದು ಅಕ್ಕನಿಗೆ ಅನ್ನಿಸಿದೆ ಎಂದುಕೊಂಡೆ. ಎದುರು ಮನೆಯ ಹುಡುಗಿ ಆಗಾಗ ಬರುತ್ತಿದ್ದಳು, ಅವಳಿಗೆ ಓದುತ್ತಿರಬೇಕು ಎಂದುಕೊಂಡೆ. ಕೋಣೆಯಲ್ಲಿ ರೇಡಿಯೋ ತಂದಿಟ್ಟುಕೊಂಡೆ. ಊಟಕ್ಕೆ ಕೂತಾಗ ಅವರು ಬೆಲೆ ಏರಿದ್ದರ ಬಗ್ಗೆ ಹೇಳುತ್ತಿದ್ದರು, ನಾನು ಹೂಂ ಎನ್ನುತ್ತಿದ್ದೆ. ನಮ್ಮ ಮನೆಯಲ್ಲಿ ಜಗಳವಾಗಲಿಲ್ಲ. ಜಗಳವಾಗಿದ್ದರೆ ನಾಲ್ಕು ಮಾತಾದರೂ ಹೊರಗೆ ಬರುತ್ತಿದ್ದವು.

ಪುಸ್ತಕ ಅಚ್ಚಾದ ಮೇಲೆ ನಾನು ಅಂಗಡಿಗೆ ಹೋಗಿ ಕೊಂಡುಕೊಂಡೆ. ಅಕ್ಕನ ಪುಸ್ತಕವನ್ನು ಅಂಗಡಿಯಲ್ಲಿ ಕೊಂಡದ್ದು ಅದೇ ಮೊದಲು. ಮನೆಗೆ ಬಂದು ಮೊದಲು ಆ ಗೋಪುರದ ಪುಟವನ್ನೇ ತೆಗೆದೆ. ಅಲ್ಲಿ ಹೀಗಿದೆ, ನಿಮ್ಮ ಕೈಯಲ್ಲಿರುವ ಪ್ರತಿಯಲ್ಲೂ ನೋಡಬಹುದು: ‘ದ್ವಾರದ ಸಮೀಪದಲ್ಲಿ ಬಾಲಕನೊಬ್ಬನು ರೋದಿಸುತ್ತಿರುವನಲ್ಲ, ಅವನ ಕುಟುಂಬಸ್ಥರು ಯಾರೂ ಆಗಮಿಸಿಲ್ಲವೇ?’

ಕರಡಿನಲ್ಲಿ ಅಲ್ಲಿ ಚುಕ್ಕೆ ಇತ್ತು. ಆದ್ದರಿಂದ ತಿದ್ದಿದ್ದಾರೆ. ನನ್ನ ಕೈಯನ್ನು ಅಷ್ಟು ನಂಬಿದ್ದರು. ಚೆನ್ನಾಗಿದ್ದ ವಾಕ್ಯವನ್ನು ತಿದ್ದುವುದಕ್ಕೆ ಹೋದರೆ ಅದು ಇನ್ನೇನಾಗುತ್ತದೆ? ಬಿಗಿಯುತ್ತದೆ. ನಿಘಂಟಿನ ಕಡೆ ಓಡುತ್ತದೆ. ಒಂದು ಅಧ್ಯಾಯ ಬಿಗಿದ ಮೇಲೆ ಉಳಿದವೂ ಅದರ ಹಿಂದೆಯೇ ಸಾಲಾಗಿ ನಿಂತಿವೆ. ಅವರು ಕರಡು ಉಳಿಸಿಕೊಳ್ಳುವವರಲ್ಲ. ಬೇಡವಾದ ಹಾಳೆಗಳನ್ನು ನನ್ನ ಮೇಜಿಗೆ ಹಾಸಲು ಕೊಟ್ಟುಬಿಡುತ್ತಾರೆ, ಮೇಣ ಮೆತ್ತಿಕೊಂಡು ಕಸಕ್ಕೆ ಹೋಗುತ್ತವೆ. ಆ ಹಾಳೆಗಳೂ ಹಾಗೇ ಹೋಗಿರಬೇಕು.

ಆದ್ದರಿಂದ ಈ ಪುಸ್ತಕದ ಬಗ್ಗೆ ಓದುಗನ ಅಭಿಪ್ರಾಯವನ್ನು ತಿದ್ದಿ ಹೇಳುತ್ತೇನೆ. ಕಾದಂಬರಿ ಒಳ್ಳೆಯದು. ಅದಕ್ಕೆ ಒಂದು ಒಳ್ಳೆಯ ಕನ್ನಡವೂ ಇತ್ತು. ಅದನ್ನು ಕೇಳಿದವನು ಒಬ್ಬನೇ, ಅವನು ಬಾಯಿ ಬಿಡಲಿಲ್ಲ. ಈಗ ನಾನು ಆ ಒಂದು ವಾಕ್ಯವನ್ನು ನಿಮಗೆ ಹೇಳಿದೆ. ಉಳಿದವು ನನಗೂ ನೆನಪಿಲ್ಲ. ಕೇಳಿದ್ದೇನೆ ಎನ್ನುವುದಷ್ಟೇ ನೆನಪಿದೆ.

ಪ್ರಕಾಶಕರು ಗಡಿಯಾರ ನೋಡುತ್ತಿದ್ದಾರೆ. ಮುಗಿಸುತ್ತೇನೆ. ಎರಡನೆಯ ಭಾಗವನ್ನು ಅನುವಾದಿಸುತ್ತಿರುವ ಯುವತಿ ಅಲ್ಲಿ ಕಂಬದ ಪಕ್ಕ ಕೂತಿದ್ದಾರೆ. ಅರ್ಧ ಕೆಲಸ ಮುಗಿದಿದೆ, ಕರಾರು ಆಗಿದೆ ಎಂದು ಪ್ರಕಾಶಕರು ನನಗೆ ಹೇಳಿದ್ದಾರೆ. ಅಮ್ಮಾ, ನಿಮ್ಮ ಕೆಲಸಕ್ಕೆ ಅಡ್ಡ ಬರುವ ಮಾತಲ್ಲ ಇದು. ನಿಮ್ಮ ಪುಸ್ತಕವನ್ನೂ ನಾನು ಅಂಗಡಿಯಲ್ಲಿ ಕೊಂಡು ಓದುತ್ತೇನೆ. ನೀವು ಕರಡನ್ನು ಯಾರಿಗಾದರೂ ಓದಿ ಹೇಳುವುದಾದರೆ, ಆಮೇಲೆ ಅವರನ್ನು ಸುಮ್ಮನೆ ಕೂರುವುದಕ್ಕೆ ಬಿಡಬೇಡಿ, ಬಾಯಿಬಿಡಿಸಿ.

ಆಗಬೇಕಾದದ್ದು ಆಗಿಹೋಗಿದೆ. ಅಚ್ಚಾದ ಪುಸ್ತಕವನ್ನು ಮತ್ತೆ ಅಚ್ಚು ಮಾಡಿ ಎಂದು ಕೇಳುವುದಕ್ಕೆ ನಾನು ಯಾರು? ಮುಂದಿನ ಭಾಗಗಳಿಗೆ ನನ್ನ ಅಕ್ಕನ ಕನ್ನಡ ಇರುವುದಿಲ್ಲ. ಅದಕ್ಕಾಗಿ ಈ ಸಭೆಯಲ್ಲಿ ದುಃಖಪಡುವ ಹಕ್ಕು ನನ್ನೊಬ್ಬನಿಗೇ ಇದೆಯೆಂದು ಕಾಣುತ್ತದೆ.

ಒಂದು ಕೇಳುವುದಿದೆ, ಅಧ್ಯಕ್ಷರ ಅಪ್ಪಣೆಯಿದ್ದರೆ ಸಭೆಯನ್ನು ಬಿಟ್ಟು ಅಕ್ಕನನ್ನೇ ಕೇಳುತ್ತೇನೆ. ಅಕ್ಕ, ಆ ಮೂಲ ಪುಸ್ತಕದ ಎರಡನೆಯ ಭಾಗ ನಿನ್ನ ಹತ್ತಿರ ಇದೆ. ನೀನು ಅದನ್ನು ಓದಿ ಮುಗಿಸಿದ್ದೀಯ ಎಂದೂ ನನಗೆ ಗೊತ್ತು. ಜೀನು ಬಿಗಿದ ಆ ಹುಡುಗ ಏನಾದ? ಅವಳಿಗೆ ಗುರುತು ಸಿಕ್ಕಿತೋ, ಸಿಗಲಿಲ್ಲವೋ? ಬೇರೆಯವರಿಂದ ಅದನ್ನು ತಿಳಿಯುವುದಕ್ಕೆ ನನಗೆ ಮನಸ್ಸಿಲ್ಲ. ಬರೆಯುವುದು ಬೇಡ, ಅಚ್ಚು ಬೇಡ, ತಿದ್ದುವುದೂ ಬೇಡ. ಪುಸ್ತಕ ಕೈಯಲ್ಲಿ ಹಿಡಿದು, ನಿನಗೆ ಬಂದ ಹಾಗೆ, ಬಾಯಲ್ಲೇ ಕನ್ನಡ ಮಾಡಿ ಹೇಳುತ್ತಾ ಹೋಗು. ನಾನು ಕೈಯಲ್ಲಿ ಕೆಲಸ ಇಟ್ಟುಕೊಳ್ಳುವುದಿಲ್ಲ. ಸುಮ್ಮನೆ ಎದುರಿಗೆ ಕೂತು ಕೇಳುತ್ತೇನೆ.

ಇಷ್ಟನ್ನು ಮನೆಯಲ್ಲೇ ಕೇಳಬಹುದಿತ್ತಲ್ಲ ಎಂದು ನೀವು ಅಂದುಕೊಳ್ಳುತ್ತಿದ್ದೀರಿ. ಮನೆಯಲ್ಲಿ ನಾವಿಬ್ಬರೇ ಇರುತ್ತೇವೆ, ಅಲ್ಲಿ ನನಗೆ ಮಾತು ಹೊರಡುವುದಿಲ್ಲ. ಇಲ್ಲಿ ಇಷ್ಟು ಜನ ಇದ್ದೀರಿ, ಆ ಧೈರ್ಯಕ್ಕೆ ಹೊರಟಿತು. ಅದಕ್ಕಾಗಿ ನಿಮಗೆಲ್ಲ ಕೃತಜ್ಞ. ನಮಸ್ಕಾರ.